ವಿವಾಹಮಂಗಲದಲ್ಲಿ ಕೈಯ ಕಾಣಿಕೆ

ಗೃಹಸ್ಥಜೀವನವನ್ನು ಬಸವಾದಿ ಶರಣರು ಭಕ್ತಿಗೆ ಅಡ್ಡಿಯೆಂದು ಎಣಿಸಲಿಲ್ಲ. ಅಲ್ಲಮಪ್ರಭುಗಳು, ಅಕ್ಕಮಹಾದೇವಿಯವರು ಮೊದಲಾದ ವಿರಕ್ತರ ಜೊತೆಯಲ್ಲಿ ಕಲ್ಯಾಣದ ಅನುಭಾವಗೋಷ್ಠಿಯಲ್ಲಿ ಕುಳಿತವರೊಳಗೆ ಬಹುಮಂದಿ ಸಂಸಾರವಂದಿಗರಾದ ಕಾಯಕಜೀವಿಗಳೇ ಆಗಿದ್ದರು. ಆಯ್ದಕ್ಕಿ ಮಾರಯ್ಯನವರಿಗೆ ಲಕ್ಕಮ್ಮನವರು, ಮೋಳಿಗೆಯ ಮಾರಯ್ಯನವರಿಗೆ ಮಹಾದೇವಮ್ಮನವರು, ಹರಳಯ್ಯನವರಿಗೆ ಕಲ್ಯಾಣಮ್ಮನವರು ಭಕ್ತಿಪಥದಲ್ಲಿ ಹೆಗಲೆಣೆಯಾಗಿ ನಡೆದರು. ಅವರಿಗಿಂತ ಮುಂಚೆಯೇ ಜೇಡರ ದಾಸಿಮಯ್ಯನವರು ದಂಪತಿಗಳ ಒಮ್ಮನವನ್ನು ಶಿವಭಕ್ತಿಯ ತಳಹದಿಯೆಂದು ಸಾರಿದ್ದರು. ಹೀಗಿರುವಾಗ ವಿವಾಹವು ಸದ್ಭಕ್ತನ ಬಾಳಿನಲ್ಲಿ ಲೌಕಿಕ ವ್ಯವಹಾರಮಾತ್ರವಾಗಿ ನಿಲ್ಲಲಾರದು. ಅದು ಇಬ್ಬರು ಸೇರಿ ಕಾಯಕ ದಾಸೋಹಗಳ ವ್ರತವನ್ನು ಹಿಡಿಯುವ ಮೊದಲ ದಿನ. ಆ ದಿನವನ್ನು ಯಾವುದರಿಂದ ಅಲಂಕರಿಸಬೇಕು, ಎಷ್ಟರಿಂದ ಅಲಂಕರಿಸಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಚಿಕ್ಕದಾಗಿ ತೋರಿದರೂ, ವಿಚಾರಿಸಿ ನೋಡಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಾಣ್ಣುಡಿ ಕನ್ನಡಿಗರೆಲ್ಲರಿಗೂ ಗೊತ್ತು. ಆದರೆ ಇಂದಿನ ಮದುವೆಗಳಲ್ಲಿ ಕಷ್ಟವು ಕೆಲಸದಿಂದ ಬರುವುದಕ್ಕಿಂತ ವೆಚ್ಚದಿಂದ ಬರುವುದೇ ಹೆಚ್ಚು. ಹಂದರ ಹಾಕಲು, ಹಪ್ಪಳ ಒತ್ತಲು, ಅರಿಷಿಣ ಕುಟ್ಟಲು ಹಿಂದೆ ಓಣಿಯ ಜನ ಒಟ್ಟಾಗಿ ಕೈಗೂಡಿಸುತ್ತಿದ್ದರು. ಈಗ ಕಲ್ಯಾಣಮಂಟಪ, ವೇದಿಕೆಯ ಹೂವಿನ ಸಿಂಗಾರ, ಧ್ವನಿವರ್ಧಕ, ಛಾಯಾಚಿತ್ರ, ಹತ್ತಾರು ಬಗೆಯ ಭಕ್ಷ್ಯ ಎಲ್ಲವೂ ಗುತ್ತಿಗೆಯಿಂದ ಬರುತ್ತವೆ. ಮದುವೆಗೆ ಮುಂಚೆಯೇ ವಧೂವರರನ್ನು ದೂರದ ತಾಣಗಳಿಗೆ ಕರೆದೊಯ್ದು ಚಿತ್ರ ತೆಗೆಸುವ ಪದ್ಧತಿಯೂ ಸೇರಿಕೊಂಡಿದೆ. ಹಣವುಳ್ಳವರು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಮಧ್ಯಮರೂ, ಮಧ್ಯಮರದನ್ನು ಬಡವರೂ ಅನುಸರಿಸಹೋಗಿ ಹೊಲವನ್ನು ಅಡವಿಡುತ್ತಾರೆ, ಬಡ್ಡಿಗೆ ಹಣ ತರುತ್ತಾರೆ. ಒಂದು ದಿನದ ದೀಪಗಳು ಆರಿದ ಬಳಿಕ ಹಲವು ವರ್ಷಗಳ ಬಡ್ಡಿಯು ಮನೆಯಲ್ಲಿ ಉಳಿಯುತ್ತದೆ. ಮೊಮ್ಮಕ್ಕಳ ಶಾಲೆಯ ಶುಲ್ಕಕ್ಕೂ ಮುದುಕರ ಔಷಧಕ್ಕೂ ಬೇಕಾದ ಹಣವು ಆ ಬಡ್ಡಿಗೆ ಹೋಗುತ್ತದೆ.

ಇಷ್ಟೆಲ್ಲ ವೆಚ್ಚದಲ್ಲಿ ವಿವಾಹಕ್ಕೆ ನಿಜವಾಗಿ ಬೇಕಾದುದು ಎಷ್ಟು? ಸಂಪ್ರದಾಯದ ವೀರಶೈವ ವಿವಾಹದಲ್ಲಿ ಗುರುಹಿರಿಯರ ಸನ್ನಿಧಿ, ಪಂಚಕಲಶಗಳು, ವಿಭೂತಿ, ಪತ್ರೆ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ನೂಲು, ಅಕ್ಷತೆ, ಮಾಂಗಲ್ಯ ಇವು ಮುಖ್ಯ. ಮಾಂಗಲ್ಯದ ತುಸು ಬಂಗಾರವನ್ನು ಬಿಟ್ಟರೆ ಉಳಿದವುಗಳನ್ನು ಸಂತೆಗೆ ಹೋದ ಯಾವ ಬಡವನಾದರೂ ಒಂದು ಚೀಲದಲ್ಲಿ ತರಬಲ್ಲನು. ವಚನಗಳ ಪಠಣದೊಡನೆ ಇದಕ್ಕೂ ಸರಳವಾಗಿ ವಿವಾಹ ನೆರವೇರಿಸುವವರೂ ಇದ್ದಾರೆ. ರಾಜ್ಯಶಾಸನವೂ ಇದಕ್ಕಿಂತ ಹೆಚ್ಚನ್ನು ಕೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹಿಡಿದೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ವಧುವಿನ ಅಥವಾ ವರನ ಕಡೆಯ ರೂಢಿಯ ವಿಧಿಗಳಿಂದ ವಿವಾಹವು ನೆರವೇರಬಹುದೆಂದು ಹೇಳುತ್ತದೆ. ಬಂಧಿಸುವ ವಿಧಿಗೆ ಬೇಕಾದ ಹಣ ಅತ್ಯಲ್ಪ. ಹೆಚ್ಚಿನ ಹಣವೆಲ್ಲವೂ ಬಂಧಿಸದ ವಸ್ತುಗಳಿಗೆ ವ್ಯಯವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಹುಟ್ಟುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗಳನ್ನು ಹೆತ್ತು ಸಾಕಿದ ತಾಯಿತಂದೆಗಳಿಗೆ ಅವಳ ಮದುವೆಯ ದಿನ ಸೊಬಗಾಗಿರಲಿ ಎಂಬ ಆಸೆ ತಪ್ಪೇ? ವಿಧಿಯೊಂದೇ ಸಾಕೆಂದರೆ ಪ್ರೀತಿಯು ತನ್ನನ್ನು ತೋರಿಕೊಳ್ಳಲು ಎಡೆ ಎಲ್ಲಿ? ಮಿತವ್ಯಯವೆಂಬ ಹೆಸರಿನಲ್ಲಿ ಮನಸ್ಸಿನ ಜಿಪುಣತನ ನುಸುಳಲಾರದೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಬೋಳುಗೋಡೆಯ ಮುಂದೆ ಒಣಮುಖದಿಂದ ಮುಗಿಸಿದ ಮದುವೆಯು ಸರಳವೆಂದು ಕರೆಯಿಸಿಕೊಳ್ಳಬಹುದು, ಆದರೆ ಮಂಗಲವೆನಿಸದು. ಶರಣರು ಚೆಲುವಿಗೆ ವೈರಿಗಳಾಗಿರಲಿಲ್ಲ. ಲಿಂಗಪೂಜೆಗೆ ಹೂ ಪತ್ರೆಗಳನ್ನು ಅರ್ಪಿಸಿದವರು ಅವರು, ಇಂಪಾದ ನುಡಿಯಲ್ಲಿ ಕನ್ನಡವನ್ನು ಸಿಂಗರಿಸಿದವರೂ ಅವರೇ. ಆದುದರಿಂದ ಸೊಬಗು ಬೇಕೇ ಬೇಡವೇ ಎಂದು ಇಲ್ಲಿ ಕೇಳಬೇಕಾದುದಿಲ್ಲ. ಆ ಸೊಬಗು ಎಲ್ಲಿಂದ ಬರಬೇಕು ಎಂಬುದೇ ವಿಚಾರಿಸತಕ್ಕ ವಿಷಯ.

ಇದಕ್ಕೆ ಶರಣಚರಿತ್ರೆಯೊಳಗಿನ ಒಂದು ಮದುವೆಯ ಕಥೆಯೇ ಉತ್ತರ ಕೊಡುತ್ತದೆ. ಮುದನೂರಿನ ನೇಕಾರ ದಾಸಿಮಯ್ಯನವರು ವಧುವನ್ನು ಹುಡುಕಲು ಹೊರಟಾಗ ಕೈಯಲ್ಲಿ ಮಳಲು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದಿದ್ದರೆಂದೂ, ಬೇರೆ ನೀರು ಸೌದೆಗಳನ್ನು ಬಳಸದೆ ಪಾಯಸ ಮಾಡಬಲ್ಲ ಕನ್ಯೆಯನ್ನು ಅರಸಿದರೆಂದೂ ಪರಂಪರೆ ಹೇಳುತ್ತದೆ. ದುಗ್ಗಳೆಯವರು ಅಕ್ಕಿಯಿಂದ ಮಳಲನ್ನು ಬೇರ್ಪಡಿಸಿ, ಕಬ್ಬನ್ನು ಹಿಂಡಿ ಆ ರಸದಲ್ಲಿಯೇ ಅಕ್ಕಿಯನ್ನು ಬೇಯಿಸಿ, ಹಿಂಡಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಹಾಕಿದರು. ಇದನ್ನು ಕೇವಲ ಜಾಣತನದ ಪರೀಕ್ಷೆಯೆಂದು ಓದುವವರುಂಟು. ಆದರೆ ಇದರಲ್ಲಿ ಗಹನವಾದ ತತ್ತ್ವವೊಂದಿದೆ. ಇದ್ದುದರಲ್ಲಿಯೇ ಇಲ್ಲದುದನ್ನು ಕಾಣುವ ಕಣ್ಣು, ಯಾವುದನ್ನೂ ವ್ಯರ್ಥಮಾಡದ ಕೈ, ಮತ್ತು ಕೊನೆಗೆ ಸಿದ್ಧವಾದುದು ಸಿಹಿಯಾದ ಪಾಯಸವೇ. ದುಗ್ಗಳೆಯವರು ನೆರೆಮನೆಯಿಂದ ಸೌದೆಯನ್ನು ಎರವಲು ತರಲಿಲ್ಲ, ಅತಿಥಿಗೆ ಗಂಜಿಯನ್ನು ಬಡಿಸಿ ಸರಳತೆಯೆಂದು ಹೇಳಲೂ ಇಲ್ಲ. ಮಿತದೊಳಗೆ ಸವಿಯನ್ನು ಸಾಧಿಸಿದರು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡತನದ ಮನೆಗೆ ಹೆಚ್ಚು ಧಾನ್ಯ ಬಂದರೆ ಯಾವ ಗೃಹಿಣಿಗೆ ಸಂತೋಷವಾಗದು? ಆದರೆ ಲಕ್ಕಮ್ಮನವರು ಅದನ್ನು ಆಸೆಯ ಫಲವೆಂದು ಕಂಡು, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಇದ್ದ ಎಡೆಯಲ್ಲಿಯೇ ಸುರಿದುಬರುವಂತೆ ಗಂಡನನ್ನು ಕಳುಹಿದರು. ಹೆಚ್ಚಿನ ಅಕ್ಕಿಯಿಂದ ಮಾಡಿದ ದಾಸೋಹವು ಹೊರಗಿನವರ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಅದು ಅವರ ಕಾಯಕದ ಅಳತೆಯನ್ನು ಮೀರಿದುದಾದುದರಿಂದ ಲಿಂಗಕ್ಕೆ ಸಲ್ಲದೆಂದು ಆ ತಾಯಿ ತಿಳಿದಿದ್ದರು. ಸಾಲದ ಹಣದಿಂದ ಮಾಡಿದ ವೈಭವವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಅದರ ಬಣ್ಣ ಬಯಲಾಗುತ್ತದೆ. ಮನೆಯ ಕಾಯಕದಿಂದ ಬಂದುದು ಚಿಕ್ಕದಾದರೂ ಅರ್ಪಿತಕ್ಕೆ ಯೋಗ್ಯ. ಕಾಯಕವನ್ನು ಮೀರಿ ತಂದುದು ಎಷ್ಟು ದೊಡ್ಡದಾದರೂ ಹಿಂದಕ್ಕೆ ಸುರಿದುಬರಬೇಕಾದ ಅಕ್ಕಿಯೇ.

ಕೈಯಿಂದ ಮಾಡಿದ ಕಾಣಿಕೆಯ ಮಹಿಮೆಯನ್ನು ಹರಳಯ್ಯನವರ ಕಥೆ ಸಾರುತ್ತದೆ. ತಮ್ಮ ಶರಣಿಗೆ ಬಸವಣ್ಣನವರು ಶರಣುಶರಣಾರ್ಥಿಯೆಂದು ಮರುನುಡಿದಾಗ ಆ ಹೆಚ್ಚಿನ ಗೌರವದ ಭಾರವನ್ನು ತೀರಿಸುವ ಬಗೆ ಕಾಣದೆ, ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರು. ಭಂಡಾರದ ಹೊನ್ನನ್ನು ನಿತ್ಯವೂ ಕಾಣುತ್ತಿದ್ದ ಆ ದಂಡನಾಯಕರಿಗೆ ಬೆಲೆಬಾಳುವ ವಸ್ತುವಿನಲ್ಲಿ ಬೆರಗೇನಿತ್ತು? ಇದೇ ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯು 12ನೆಯ ಶತಮಾನದ ಕಲ್ಯಾಣವನ್ನೇ ಅಲುಗಿಸಿತು. ಶರಣಲೋಕವು ಎಂದೆಂದಿಗೂ ನೆನೆಯುವ ಮದುವೆ ಅದು. ಆ ದಿನ ಎಷ್ಟು ಬಗೆಯ ಅಡುಗೆ ಮಾಡಿದ್ದರು, ವಧು ಎಷ್ಟು ತೊಲೆ ಬಂಗಾರ ತೊಟ್ಟಿದ್ದಳು ಎಂದು ಇಂದು ಯಾರೂ ಕೇಳುವುದಿಲ್ಲ. ಕುಲದ ಗೋಡೆಯನ್ನು ಒಡೆದು ಎರಡು ಮನೆಗಳು ಒಂದಾದವೆಂಬುದೂ, ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರೆಂಬುದೂ ಮಾತ್ರ ಉಳಿದಿದೆ.

ಈ ತತ್ತ್ವವನ್ನು ಇಂದಿನ ಗೃಹಸ್ಥನು ಆಚರಣೆಗೆ ತರುವುದು ಕಠಿಣವೇನೂ ಅಲ್ಲ. ನೂರಾರು ರೂಪಾಯಿಯ ಲಗ್ನಪತ್ರಿಕೆಯ ಬದಲು ಸಾದಾ ಕಾಗದದಲ್ಲಿ ಅಚ್ಚುಮಾಡಿಸಿ, ಹತ್ತಿರದ ಹಿರಿಯರಿಗೆ ವಧೂವರರು ತಮ್ಮ ಕೈಬರಹದಲ್ಲಿಯೇ ಎರಡು ಸಾಲು ಬರೆದು ಕೊಡಬಹುದು. ಹಂದರಕ್ಕೆ ಹಿತ್ತಿಲ ಮಾವಿನೆಲೆಯ ತೋರಣ, ಬಾಳೆಯ ಕಂಬ, ಮನೆಯ ಹೆಣ್ಣುಮಕ್ಕಳು ಕೂಡಿ ಕಟ್ಟಿದ ಚೆಂಡುಹೂವಿನ ಸರ ಸಾಕು. ಬಾಗಿಲಿನಿಂದ ಮಂಟಪದವರೆಗೆ ಓಣಿಯ ಮಕ್ಕಳು ರಂಗವಲ್ಲಿ ಇಕ್ಕಿದರೆ ಅದಕ್ಕಿಂತ ಮಿಗಿಲಾದ ನೆಲಹಾಸು ಇಲ್ಲ. ಧ್ವನಿವರ್ಧಕದ ಗದ್ದಲವನ್ನು ಒಂದು ಗಳಿಗೆ ನಿಲ್ಲಿಸಿ ಅಜ್ಜಿಯರು ಸೋಬಾನೆಯ ಪದ ಹೇಳಲಿ, ಬಂಧುಗಳಲ್ಲಿ ಬಲ್ಲವರು ವಚನಗಾಯನ ಮಾಡಲಿ. ತಾಂಬೂಲದೊಡನೆ ಮೂಲೆಗೆ ಬೀಳುವ ಪ್ಲಾಸ್ಟಿಕ್ ಸಾಮಾನು ಕೊಡುವುದಕ್ಕೆ ಬದಲು ಚಿಕ್ಕ ವಚನಸಂಗ್ರಹವೊಂದನ್ನೋ ಬಿಲ್ವದ ಸಸಿಯೊಂದನ್ನೋ ಕೊಟ್ಟರೆ ಬೀಗರ ಮನೆಯಲ್ಲಿ ಅದು ಬಹುಕಾಲ ಬಾಳುತ್ತದೆ. ವಧುವು ತಾಯಿಯ ಅಥವಾ ಅಜ್ಜಿಯ ಇಳಕಲ್ಲ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟರೆ ಹೊಸ ಪೀತಾಂಬರವಿಲ್ಲವೆಂಬ ಕೊರತೆ ಎಲ್ಲಿಯದು? ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕುಣಿಕೆಯಿಂದ ಕುಣಿಕೆಗೆ ಜೋಡಿಸಿ ನೇಯುವ ಆ ಸೀರೆಯಲ್ಲಿ ಸಾದಾತನವೂ ಸಿರಿಯೂ ಒಂದಾಗಿರುತ್ತವೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಅಜ್ಜಿಯ ಸೀರೆ, ಅಪ್ಪನ ಧೋತರ, ಮಕ್ಕಳು ಬೆಳೆದು ಬಿಟ್ಟ ಅಂಗಿ ಇವುಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಓಣಿಯ ಹೆಂಗಸರು ಸುತ್ತ ಕುಳಿತು ದಾರದ ಸಾಲುಗಳನ್ನು ಎಳೆದು ಕೌದಿಯನ್ನು ಮುಗಿಸುತ್ತಾರೆ. ಮದುಮಗಳು ಗಂಡನ ಮನೆಗೆ ಅದನ್ನು ಒಯ್ದರೆ ತವರಿನ ಮೂರು ತಲೆಮಾರಿನವರು ಅವಳೊಡನೆ ಹೋದಂತೆ. ವರದಕ್ಷಿಣೆಯ ನಿಷೇಧಕ್ಕಾಗಿ 1961ರಲ್ಲಿ ಆದ ಕಾಯಿದೆಯು ವರದಕ್ಷಿಣೆಯನ್ನು ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದು ಸಾರಿತು. 1985ರ ನಿಯಮಗಳು ಮದುವೆಯಲ್ಲಿ ಬಂದ ಉಡುಗೊರೆಗಳನ್ನು ಅವುಗಳ ಅಂದಾಜು ಬೆಲೆ ಮತ್ತು ಕೊಟ್ಟವರ ಹೆಸರಿನೊಡನೆ ಪಟ್ಟಿಮಾಡಿ ಇಡಬೇಕೆಂದು ವಿಧಿಸಿದವು. ಆ ಪಟ್ಟಿಯಲ್ಲಿ ಕೌದಿಯನ್ನು ಬರೆಯಹೊರಟವನು ಬೆಲೆಯ ಅಂಕಣದಲ್ಲಿ ಏನು ಬರೆದಾನು? ಹಳೆಯ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಹೊಲಿದ ಕೈಗಳ ಪ್ರೀತಿಗೆ ಬೆಲೆ ಕಟ್ಟುವವರಿಲ್ಲ. ಅಂತಹ ವಸ್ತುವನ್ನು ಬೀಗರು ಕೇಳಿ ಪಡೆಯಲಾರರು, ಹೆಚ್ಚು ಕಡಿಮೆಯೆಂದು ಜಗಳವಾಡಲಾರರು. ಹೆಣ್ಣಿನ ತೂಕವನ್ನು ಬಂಗಾರದ ತಕ್ಕಡಿಯಲ್ಲಿ ನೋಡುವ ಕೇಡಿಗೆ ಇಂತಹ ಕಾಣಿಕೆಗಳು ಎಡೆಗೊಡವು.

ಊಟದ ವಿಷಯದಲ್ಲಿ ವಿವೇಕವು ಇನ್ನೂ ಹೆಚ್ಚು ಬೇಕು. ಬಂದವರಿಗೆ ಅನ್ನ ನೀಡುವುದು ದಾಸೋಹ. ವೆಚ್ಚ ತಗ್ಗಿಸುವ ನೆವದಿಂದ ಬಡ ನೆಂಟರ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಶರಣಮಾರ್ಗಕ್ಕೆ ಒಪ್ಪದು. ಜನರನ್ನು ಕಡಿಮೆಮಾಡುವುದಕ್ಕಿಂತ ಮೊದಲು ಬಗೆಗಳನ್ನು ಕಡಿಮೆಮಾಡಬೇಕು. ಗೋಧಿಹುಗ್ಗಿಯೋ ಮಾದಲಿಯೋ ಹೋಳಿಗೆಯೋ ಒಂದು ಸಿಹಿ, ಎರಡು ಪಲ್ಯ, ಅನ್ನ ಸಾರು ಮಜ್ಜಿಗೆ ಇಷ್ಟನ್ನು ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಸಮವಾಗಿ ಬಡಿಸಿದರೆ ಉಂಡವರು ಹರಸಿಯೇ ಏಳುತ್ತಾರೆ. ಪ್ರಸಾದದ ಒಂದಗುಳನ್ನೂ ಬಿಡದೆ ಉಂಡು, ತಳಿಗೆಯನ್ನು ತೊಳೆದು ಆ ನೀರನ್ನೂ ಕುಡಿಯುವ ನಿಷ್ಠೆ ಈ ಸಮಾಜದ ಹಿರಿಯರದು. ಅಂತಹ ಹಿರಿಯರ ಮಕ್ಕಳ ಮದುವೆಯಲ್ಲಿ ಎಲೆಯ ತುಂಬ ಅರೆಬರೆ ತಿಂದ ಭಕ್ಷ್ಯಗಳು ತಿಪ್ಪೆಗೆ ಹೋಗುವುದಾದರೆ, ಮಂಟಪದಲ್ಲಿ ವಚನಗಳನ್ನು ಹಾಡಿಸಿ ಫಲವೇನು?

ದಿನದ ಆಯ್ಕೆಯಲ್ಲಿಯೂ ತತ್ತ್ವ ಮತ್ತು ಉಳಿತಾಯಗಳು ಕೈಹಿಡಿದು ನಡೆಯುತ್ತವೆ. ಶಿವಭಕ್ತನಿಗೆ ಶಿವನ ನೆನಹಿನ ಹೊತ್ತೆಲ್ಲವೂ ಶುಭವೆಂಬುದು ಬಸವಣ್ಣನವರ ನಿಲುವು. ಹೀಗಿದ್ದೂ ಎಲ್ಲರೂ ಒಂದೇ ಮುಹೂರ್ತದ ದಿನಕ್ಕೆ ಮುಗಿಬಿದ್ದು ಮಂಟಪದ ಬಾಡಿಗೆಯನ್ನೂ ಹೂವಿನ ಧಾರಣೆಯನ್ನೂ ತಾವೇ ಏರಿಸಿಕೊಳ್ಳುತ್ತಾರೆ. ರಾಶಿ ಮುಗಿದು ರೈತರಿಗೆ ಬಿಡುವಿರುವ, ದುಡಿಯುವವರಿಗೆ ರಜೆಯಿರುವ, ಗುರುಗಳಿಗೆ ಅನುಕೂಲವಾದ ದಿನವನ್ನು ಆರಿಸಿ ಮಠದ ಪ್ರಾಂಗಣದಲ್ಲಿಯೋ ಮನೆಯ ಅಂಗಳದಲ್ಲಿಯೋ ಮದುವೆ ಮಾಡಿದರೆ ಶ್ರದ್ಧೆಗೆ ಹಾನಿಯಿಲ್ಲ, ಕೈಗೂ ಹೊರೆಯಿಲ್ಲ.

ಆದರೆ ಮಿತವ್ಯಯಕ್ಕೂ ತನ್ನದೇ ಆದ ಪ್ರಮಾದಗಳುಂಟು. ಮೊದಲನೆಯದಾಗಿ, ಉಳಿತಾಯವು ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯಬಾರದು. ವಾಲಗದವರ, ಅಡುಗೆಯವರ, ಪಾತ್ರೆ ತೊಳೆಯುವವರ ಕೂಲಿಯನ್ನು ಚೌಕಾಸಿ ಮಾಡಿ ಇಳಿಸಿ, ಅದನ್ನು ಸರಳ ವಿವಾಹವೆಂದು ಕರೆದುಕೊಂಡರೆ ಅದು ಕಾಯಕಕ್ಕೆ ಬಗೆದ ಅವಮಾನ. ಎರಡು ಬಗೆಯ ಸಿಂಗಾರವನ್ನು ಬಿಟ್ಟಾದರೂ ದುಡಿದವರಿಗೆ ಪೂರ್ಣ ಕೂಲಿಯನ್ನೂ ಪಂಕ್ತಿಯಲ್ಲಿ ಊಟವನ್ನೂ ಕೊಡತಕ್ಕದ್ದು. ಎರಡನೆಯದಾಗಿ, ಮಿತವು ಒಂದೇ ಕಡೆಯದಾಗಬಾರದು. ಗಂಡಿನ ಮೆರವಣಿಗೆಗೆ ಮಿತಿಯಿಲ್ಲದೆ ಹೆಣ್ಣಿನ ಸೀರೆಗೆ ಮಾತ್ರ ಮಿತಿ ಹೇಳುವುದು ನ್ಯಾಯವಲ್ಲ. ಹೆಣ್ಣಿನವರ ಹೆಗಲಿಗೆ ಎಲ್ಲ ವೆಚ್ಚವನ್ನೂ ಹೊರಿಸಿ ವೈಭವ ಕೇಳುವುದಂತೂ ದ್ರೋಹ. ಎರಡೂ ಮನೆಗಳವರು ನಿಶ್ಚಯದ ದಿನವೇ ಕುಳಿತು, ವಧೂವರರ ಮನಸ್ಸನ್ನೂ ಕೇಳಿ, ಲೆಕ್ಕವನ್ನು ಗೊತ್ತುಮಾಡಿಕೊಂಡು ಭಾರವನ್ನು ಹಂಚಿಕೊಳ್ಳಬೇಕು. ಬಾಯಿಬಿಟ್ಟು ಹೇಳಲಾರದ ವಧುವಿನ ಒಂದು ಚಿಕ್ಕ ಆಸೆಯಿದ್ದರೆ ಅದನ್ನು ಮೊದಲು ನೆರವೇರಿಸಬೇಕು. ಮೂರನೆಯ ಪ್ರಮಾದ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸರಳತೆಯೇ ಒಂದು ಡಂಗುರವಾಗುವುದು. ತಾನು ಕಡಿಮೆ ಖರ್ಚಿನಲ್ಲಿ ಮದುವೆ ಮಾಡಿದೆನೆಂದು ಹೇಳಿಕೊಳ್ಳುತ್ತ, ಹೆಚ್ಚು ಖರ್ಚು ಮಾಡಿದ ನೆರೆಯವನನ್ನು ಹಳಿಯುವವನು ಬಂಗಾರದ ಅಹಂಕಾರವನ್ನು ಬಿಟ್ಟು ಹತ್ತಿಯ ಅಹಂಕಾರವನ್ನು ಉಟ್ಟಂತೆ. ನಾನು ಮಾಡಿದೆನೆಂಬ ಭಾವ ಅಳಿದಲ್ಲದೆ ದಾಸೋಹವಿಲ್ಲವೆಂಬುದು ಶರಣರ ಎಚ್ಚರಿಕೆ.

ನಾಡಿನಲ್ಲಿ ಸರಳ ವಿವಾಹದ ದಾರಿಯನ್ನು ತೋರಿದವರು ಅನೇಕರಿದ್ದಾರೆ. ರಾಷ್ಟ್ರಕವಿ ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದ ಮಂತ್ರಮಾಂಗಲ್ಯದ ವಿಧಾನದಲ್ಲಿ ನೆರವೇರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಸುತ್ತೂರು ಮೊದಲಾದ ಮಠಗಳ ಜಾತ್ರೆಗಳಲ್ಲಿಯೂ ಒಂದೇ ಹಂದರದ ಕೆಳಗೆ ಅನೇಕ ಜೋಡಿಗಳು ಸತಿಪತಿಗಳಾಗಿವೆ. ಸಾಮೂಹಿಕ ವಿವಾಹದಲ್ಲಿ ತಮ್ಮದೆಂಬುದೇನೂ ಉಳಿಯದು, ನೂರರಲ್ಲಿ ಒಬ್ಬರಾಗಿ ನಿಲ್ಲಬೇಕಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಕೈಯ ಕಾಣಿಕೆಯ ಬೆಲೆ ಅಲ್ಲಿಯೇ ಹೆಚ್ಚಾಗಿ ತಿಳಿಯುತ್ತದೆ. ತಂಗಿಯು ಕಟ್ಟಿದ ಮಲ್ಲಿಗೆಯ ದಂಡೆ, ಅತ್ತಿಗೆ ಹೊಲಿದ ಕುಪ್ಪಸ, ಅಜ್ಜನು ತನ್ನ ನಡುಗುವ ಅಕ್ಷರದಲ್ಲಿ ಬರೆದುಕೊಟ್ಟ ವಚನಗಳ ಹೊತ್ತಗೆ ಇವುಗಳಲ್ಲಿ ಒಂದಾದರೂ ಕೈಯಲ್ಲಿದ್ದ ವಧುವು ನೂರು ವಧುಗಳ ನಡುವೆಯೂ ತನ್ನ ಮನೆಯ ಮಗಳಾಗಿಯೇ ನಿಲ್ಲುತ್ತಾಳೆ. ಹಣವಿಲ್ಲವೆಂದು ಸಾಮೂಹಿಕ ವಿವಾಹಕ್ಕೆ ಬಂದವರೆಂಬ ಕೀಳರಿಮೆಗೆ ಆಗ ಎಡೆಯಿರುವುದಿಲ್ಲ.

ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಯೇ ಗೃಹಸ್ಥನನ್ನು ಸಾಲದ ಬಾಗಿಲಿಗೆ ನೂಕುತ್ತದೆ. ಆದರೆ ಆ ನಾಲ್ಕು ಜನರೂ ತಮ್ಮ ಮನೆಯ ಮದುವೆಯಲ್ಲಿ ಇದೇ ಅಂಜಿಕೆಯಿಂದ ಬೆಂದವರೇ ಆಗಿರುತ್ತಾರೆ. ಅವರಲ್ಲಿ ಯಾರಾದರೊಬ್ಬರು ಮೊದಲು ಮಿತವನ್ನು ಹಿಡಿದರೆ ಉಳಿದ ಮೂವರಿಗೆ ಬಿಡುಗಡೆಯ ದಾರಿ ತೆರೆಯುತ್ತದೆ. ಈ ಕಾರಣದಿಂದ ಇದ್ದವನು ಮಿತವಾಗಿ ಮಾಡುವ ಮದುವೆಯು ಇಲ್ಲದವನಿಗೆ ಮಾಡಿದ ಉಪಕಾರ. ಹಣವಂತನು ತನ್ನ ಹಣ ತನ್ನ ಇಷ್ಟವೆನ್ನಬಹುದು. ಆದರೆ ಅವನ ಹಂದರದ ಎತ್ತರವೇ ನೆರೆಮನೆಯ ಬಡ ತಂದೆಗೆ ಅಳತೆಗೋಲಾಗುವುದೆಂಬುದನ್ನು ಅವನು ಮರೆಯಲಾಗದು. ಉಳಿಸಿದ ಹಣದಲ್ಲಿ ಒಂದು ಪಾಲು ಹೊಸ ಸಂಸಾರದ ಕಾಯಕಕ್ಕೆ, ಅಂದರೆ ಎತ್ತು, ಮಗ್ಗ, ಹೊಲಿಗೆಯಂತ್ರ, ಓದು ಇಂತಹವುಗಳಿಗೆ ಸಲ್ಲಲಿ. ಮತ್ತೊಂದು ಪಾಲು ಮಠದ ವಿದ್ಯಾರ್ಥಿನಿಲಯದ ಅನ್ನಕ್ಕೆ ಸಲ್ಲಲಿ. ಹಾಗಾದಾಗ ಮದುವೆಯ ಊಟವು ಒಂದು ದಿನಕ್ಕೆ ಮುಗಿಯದೆ ಮುಂದುವರಿಯುತ್ತದೆ.

ಮದುವೆಯ ಮನೆಯಲ್ಲಿ ಸಂಜೆಗೆ ಹೂವು ಬಾಡುತ್ತದೆ, ಮರುದಿನ ಹಂದರವನ್ನು ಬಿಚ್ಚುತ್ತಾರೆ, ಬೀಗರು ಊರಿಗೆ ಮರಳುತ್ತಾರೆ. ಆಗ ಹೊಸ ದಂಪತಿಗಳ ಬಳಿ ಉಳಿಯುವುದು ಕೊರಳಿನ ಇಷ್ಟಲಿಂಗ, ಹಿರಿಯರ ಹರಕೆ, ದುಡಿಯುವ ನಾಲ್ಕು ಕೈಗಳು ಮತ್ತು ಪ್ರೀತಿಯಿಂದ ಯಾರೋ ಮಾಡಿಕೊಟ್ಟ ಒಂದೆರಡು ವಸ್ತುಗಳು. ಈ ಬಂಡವಾಳದ ಪಕ್ಕದಲ್ಲಿ ಸಾಲದ ಪತ್ರವೊಂದು ಇರದಂತೆ ನೋಡಿಕೊಳ್ಳುವುದು ಹೆತ್ತವರ ಧರ್ಮ. ಸದ್ಭಕ್ತರು ತಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಅಣಿಯಾಗುವಾಗ ಲಕ್ಕಮ್ಮ ತಾಯಿಯ ಅಳತೆಯನ್ನೂ ದುಗ್ಗಳೆ ತಾಯಿಯ ಕೈಚಳಕವನ್ನೂ ಒಟ್ಟಿಗೆ ನೆನೆಯಲಿ. ಅವರ ಮನೆಯ ಪಾಯಸವು ಮನೆಯ ಕಬ್ಬಿನಿಂದಲೇ ಸಿಹಿಯಾಗಲಿ.